ಹಿಂದೆ ಬರುವವರು

ಮೋಟಾರ್ ಸೈಕಲ್ಲಿಗೆ ಎರಡು ಕನ್ನಡಿಗಳನ್ನು ಯಾಕೆ ಕೂಡಿಸಿರುತ್ತಾರೆ ಎಂಬುದನ್ನು ಅದನ್ನು ತಯಾರಿಸಿದವರೇ ಹೇಳಬೇಕು. ನಮ್ಮ ಹಳಿಯಾಳದ ಪೇಟೆಯಲ್ಲಂತೂ ಅವುಗಳಲ್ಲಿ ಹಿಂದಿನದನ್ನು ನೋಡುವವರು ಕಡಿಮೆ. ಕಾಲೇಜಿನ ಹುಡುಗರು ಅದರ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಾರೆ, ಸಂತೆಗೆ ಬಂದವರು ಅದರ ಕುತ್ತಿಗೆಗೆ ಕೊತ್ತಂಬರಿಯ ಚೀಲ ತೂಗುಹಾಕುತ್ತಾರೆ, ಗುಬ್ಬಿಗಳು ತಮ್ಮದೇ ಪ್ರತಿಬಿಂಬವನ್ನು ವೈರಿಯೆಂದು ತಿಳಿದು ಕುಕ್ಕಿ ಕುಕ್ಕಿ ಸುಸ್ತಾಗುತ್ತವೆ. ನನ್ನ ತಲೆಯ ಮೇಲೆ ಬಾಚುವಂಥದ್ದು ಏನೂ ಉಳಿದಿಲ್ಲ. ಹಾಗಾಗಿಯೋ ಏನೋ, ಈಗೊಂದು ವರ್ಷದಿಂದ ನಾನು ಆ ಕನ್ನಡಿಗಳನ್ನು ಅವುಗಳ ಮೂಲ ಉದ್ದೇಶಕ್ಕೇ ಬಳಸುತ್ತಿದ್ದೇನೆ. ಮುಂದಿನ ರಸ್ತೆಯನ್ನು ನೋಡುವಷ್ಟೇ ಹೊತ್ತು ಹಿಂದಿನದನ್ನೂ ನೋಡುತ್ತೇನೆ. ಇದು ಒಳ್ಳೆಯ ಸವಾರನ ಲಕ್ಷಣವೆಂದು ನೀವು ಅಂದುಕೊಂಡರೆ ನನಗೆ ಸಂತೋಷವೇ. ನಿಜ ಹೇಳಬೇಕೆಂದರೆ ಅದು ಹೆದರಿಕೆಯ ಲಕ್ಷಣ.

ಮೊದಲು ಹೀಗಿರಲಿಲ್ಲ. ಮಳೆಗಾಲ ಮುಗಿದು, ರಸ್ತೆಯಂಚಿನ ಹುಲ್ಲು ಇನ್ನೂ ಹಸಿರಾಗಿರುವಾಗಲೇ, ಒಂದು ಶನಿವಾರ ನಸುಕಿನಲ್ಲಿ ನಾನೂ ನನ್ನ ಅಣ್ಣನೂ ನಮ್ಮ ನಮ್ಮ ಗಾಡಿಗಳ ಮೇಲೆ ಉಳವಿಗೆ ಹೊರಡುವುದು ಮನೆಯ ಪದ್ಧತಿಯಾಗಿತ್ತು. ದಾಂಡೇಲಿಯಲ್ಲಿ ತಿಂಡಿ, ಗಣೇಶಗುಡಿಯಲ್ಲಿ ಕಾಲು ಸಡಿಲಿಸುವುದು, ಜೋಯಿಡಾದಲ್ಲಿ ಚಹಾ, ರಾತ್ರಿ ಉಳವಿಯಲ್ಲಿ ವಸತಿ, ಭಾನುವಾರ ಸಂಜೆಯೊಳಗೆ ಮನೆ. ಅಣ್ಣನ ಹಿಂದೆ ಅವನ ಹೆಂಡತಿ, ನಮ್ಮ ವೈನಿ. ಇಬ್ಬರ ನಡುವೆ, ಚಿಕ್ಕವಳಿದ್ದಾಗ, ಅವರ ಒಬ್ಬಳೇ ಮಗಳು ರೇಣು. ನನ್ನ ಹಿಂದೆ ಹೊದಿಕೆಗಳ ಗಂಟು. ನನ್ನ ಹೆಂಡತಿ ಒಂದೇ ಒಂದು ಸಲ ಬಂದು, ಮರಳಿದ ಮೇಲೆ ವಾರವಿಡೀ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು, ಆ ಸ್ಥಾನವನ್ನು ಗಂಟಿಗೆ ಬಿಟ್ಟುಕೊಟ್ಟಿದ್ದಳು.

ಯಾವಾಗಲೂ ನಾನು ಮುಂದೆ, ಅಣ್ಣ ಹಿಂದೆ. ರಸ್ತೆ ಕವಲೊಡೆದಲ್ಲಿ ನಾನು ನಿಲ್ಲುವುದು, ಅವರು ಬಂದದ್ದು ಕಂಡ ಮೇಲೆ ಮುಂದುವರಿಯುವುದು. ಅಣ್ಣ ನಿಧಾನಸ್ಥ, ಅವನ ಗಾಡಿಯೂ ಹಳೆಯದು, ಆದ್ದರಿಂದ ಈ ಏರ್ಪಾಡು ಸಹಜವೆಂದೂ, ಕುಟುಂಬವನ್ನು ಕಾಡಿನೊಳಗಿಂದ ಸುರಕ್ಷಿತವಾಗಿ ದಾಟಿಸುವ ಹೊಣೆ ನನ್ನದೆಂದೂ ಒಳಗೊಳಗೆ ಹೆಮ್ಮೆಪಟ್ಟುಕೊಳ್ಳುತ್ತಿದ್ದೆ. ಅಣ್ಣ ಹಗಲಿನಲ್ಲೂ ದೀಪ ಹಚ್ಚಿಕೊಂಡೇ ಬರುತ್ತಿದ್ದ. ಎದುರಿಗೆ ಬಂದವರು, ಪಾಪ, ಮರೆತಿದ್ದಾನೆಂದು ಬೆರಳು ಮಡಚಿ ಬಿಚ್ಚಿ ಸನ್ನೆ ಮಾಡುತ್ತಿದ್ದರು. ಅವನು ಒಬ್ಬೊಬ್ಬರಿಗೂ ನಮಸ್ಕಾರ ಮಾಡಿ, ದೀಪ ಆರಿಸದೆ ಸಾಗುತ್ತಿದ್ದ. ನನ್ನ ಕನ್ನಡಿಯಲ್ಲಿ ಆ ದೀಪ ಒಂದು ಹಳದಿ ಚುಕ್ಕೆಯಾಗಿ ನಡುಗುತ್ತಿತ್ತು. ತಿರುವಿನಲ್ಲಿ ಮಾಯವಾಗಿ ತಿರುವು ಮುಗಿದ ಮೇಲೆ ಮತ್ತೆ ಮೂಡುತ್ತಿತ್ತು. ಮೂಡುತ್ತದೆ ಎಂಬುದರಲ್ಲಿ ಸಂಶಯವೇ ಇಲ್ಲದ್ದರಿಂದ ನಾನು ಅದನ್ನು ಅಷ್ಟಾಗಿ ನೋಡುತ್ತಲೂ ಇರಲಿಲ್ಲ.

ಹೋದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ, ನಾವಿಬ್ಬರೂ ಸೇರಿ ನಡೆಸುತ್ತಿದ್ದ ಪಂಪುಸೆಟ್ಟು ರಿಪೇರಿಯ ಅಂಗಡಿಯಲ್ಲಿ ಅಣ್ಣ ಕೈಯ ಗ್ರೀಸು ಒರೆಸಿಕೊಂಡು, "ಊಟಾ ಮಾಡಿ ಬರ್ತೇನಿ, ನೀ ಕುಂದರು" ಎಂದು ಎದ್ದ. ಹಿಟ್ಟಿನ ಗಿರಣಿಯ ಮೂಲೆಯವರೆಗೆ ಅವನ ಕೊಡೆ ಕಂಡಿತು, ಆಮೇಲೆ ತಿರುಗಿತು. ಮನೆಯಲ್ಲಿ ಉಂಡು, ಸ್ವಲ್ಪ ಅಡ್ಡಾಗುತ್ತೇನೆಂದು ಮಲಗಿದವನು ಏಳಲಿಲ್ಲ. ಬೇನೆಯಿಲ್ಲ, ಬಿದ್ದದ್ದಿಲ್ಲ, ಯಾರ ತಪ್ಪೂ ಇಲ್ಲ. ಅಂದಿನಿಂದ ನನ್ನ ಹೆದರಿಕೆಗೆ ನಿಲ್ಲಲು ಒಂದು ನಿಶ್ಚಿತ ಜಾಗ ಸಿಗದೆ, ಅದು ಸಿಕ್ಕ ಸಿಕ್ಕ ಮೂಲೆಗಳಲ್ಲೆಲ್ಲ ನಿಲ್ಲತೊಡಗಿತು. ಯಾರೇ ಕಣ್ಣಿಗೆ ಮರೆಯಾದರೂ ಎದೆ ಹಾರುತ್ತದೆ. ಹೆಂಡತಿ ಕಿರಾಣಿ ಅಂಗಡಿಗೆ ಹೋದರೆ ಫೋನು ಮಾಡುತ್ತೇನೆ. ಎತ್ತಲು ತಡವಾದರೆ ಚಪ್ಪಲಿ ಮೆಟ್ಟುತ್ತೇನೆ. ಬಚ್ಚಲಲ್ಲಿ ನೀರಿನ ಸದ್ದು ನಿಂತರೆ ಬಾಗಿಲು ಬಡಿಯುತ್ತೇನೆ. "ಜೀವಂತ ಅದೀನ್ರಿ, ಸಾಬಾಣ ಹಚ್ಕೊಳ್ಳಾಕತ್ತೇನಿ" ಎಂದು ಒಳಗಿನಿಂದ ಉತ್ತರ ಬರುತ್ತದೆ. ಡಾಕ್ಟರು ನನ್ನ ಎದೆ ಪರೀಕ್ಷಿಸಿ ಏನೂ ಇಲ್ಲ ಎಂದರು. ಅಣ್ಣನಿಗೂ ಏನೂ ಇರಲಿಲ್ಲವಲ್ಲ.

ಹೀಗಿರುವಾಗ ಈ ಸಲ ಮಳೆ ನಿಂತ ಮೇಲೆ ವೈನಿ ನಮ್ಮ ಮನೆಗೆ ಬಂದವರು, "ಶನಿವಾರ ಉಳವಿಗೆ ಹೋಗೂಣೇನು?" ಎಂದರು. ಬಸ್ಸಿನ ವೇಳೆ ವಿಚಾರಿಸುತ್ತೇನೆಂದೆ.

"ಬಸ್ಸು ಯಾಕ? ಅವ್ರ ಗಾಡಿ ಐತೆಲ್ಲ. ನಾ ಹೊಡೀತೇನಿ, ರೇಣು ಹಿಂದ ಕುಂದರತಾಳ."

ವೈನಿ ಹೊಲಿಗೆ ತರಗತಿಗೆ ಹೋಗಿಬರಲು ಸ್ಕೂಟಿ ಓಡಿಸುತ್ತಿದ್ದವರು. ಅಣ್ಣ ಹೋದ ಮೇಲೆ ಕಾಲೇಜು ಮೈದಾನದಲ್ಲಿ ಅವನ ಗೇರಿನ ಗಾಡಿಯನ್ನೂ ಕಲಿತಿದ್ದರು. ನಾನು ಕಂಪೌಂಡಿನ ಆಚೆ ನಿಂತು ಕದ್ದು ನೋಡಿದ್ದೆ. ಅವರು ಬ್ರೇಕು ಹಾಕಬೇಕಾದಲ್ಲೆಲ್ಲ ನನ್ನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಮೈದಾನ ಬೇರೆ, ಘಟ್ಟದ ರಸ್ತೆ ಬೇರೆ. ನಾನು ಉಪಾಯ ಹೂಡಿದೆ.

"ಮುಂಡಗೋಡಕ್ಕ ಹೋಗೂಣ್ರಿ ವೈನಿ. ರಸ್ತಾ ಸಪಾಟ ಐತಿ. ಟಿಬೇಟಿಯನ್ ಕಾಲೊನಿಯೊಳಗ ಮೊಮೊ ತಿಂದು ಬರೂಣು."

"ಮೊಮೊ ನೀವು ತಿನ್ರಿ. ನನಗ ಆ ರಸ್ತಾ ನೋಡಬೇಕಾಗೇತಿ. ಇಷ್ಟ ವರ್ಷ ಅವ್ರ ಬೆನ್ನ ನೋಡಕೋತ ಹೋಗೇನಿ, ರಸ್ತಾ ನೋಡೇ ಇಲ್ಲ."

ನಾನು ಹೂಂ ಅಂದೆ. ಅಂದ ಗಳಿಗೆಯಿಂದ ತಲೆಯಲ್ಲಿ ಒಂದೇ ಯೋಚನೆ: ಈ ಇಬ್ಬರಿಗೆ ಏನಾದರೂ ಆದರೆ ಅಣ್ಣನದೆಂಬುದು ಏನೂ ಉಳಿಯುವುದಿಲ್ಲ, ಮತ್ತು ಹೂಂ ಅಂದವನು ನಾನು. ನನ್ನ ಹೆಂಡತಿ ಬುತ್ತಿ ಕಟ್ಟಿಕೊಡುತ್ತ, "ಅವರ ಕಾಳಜಿ ಮಾಡಬ್ಯಾಡ್ರಿ, ನಿಮ್ಮ ಕಾಳಜಿ ಮಾಡ್ಕೊಳ್ರಿ" ಎಂದಳು. ಅದನ್ನು ಚೇಷ್ಟೆಯೆಂದುಕೊಂಡೆ.

ಹಳಿಯಾಳದಿಂದ ದಾಂಡೇಲಿಯವರೆಗೆ ನಾನು ರಸ್ತೆಯನ್ನು ನೋಡಿದ್ದು ಕಡಿಮೆ. ಕನ್ನಡಿಯಲ್ಲಿ ಎರಡು ಹೆಲ್ಮೆಟ್ಟುಗಳು, ಅವುಗಳ ಕೆಳಗೆ ಉರಿಯುತ್ತಿದ್ದ ದೀಪ. ಯಾರೂ ಹೇಳದೆಯೇ ಹಚ್ಚಿದ್ದರು. ಬಂಗೂರನಗರದ ಹತ್ತಿರ ಕಾಗದದ ಕಾರ್ಖಾನೆಯ ಪಾಳಿ ಮುಗಿಸಿ ಬರುತ್ತಿದ್ದ ಸೈಕಲ್ಲುಗಳ ನಡುವೆ ಅದು ಮರೆಯಾದಾಗ ನಾನು ಎದುರಿನ ಟೆಂಪೊಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ದಾಂಡೇಲಿಯಲ್ಲಿ ತಿಂಡಿಗೆ ನಿಂತೆವು. ಅಲ್ಲಿಂದ ಮುಂದೆ ಕಾಡು. ರಬ್ಬರಿನ ದೋಣಿಗಳನ್ನು ತಲೆಯ ಮೇಲೆ ಹೊತ್ತ ಪ್ರವಾಸಿಗರ ಜೀಪುಗಳು ತಿರುವಿನಲ್ಲಿ ಅರ್ಧ ರಸ್ತೆ ನುಂಗಿಕೊಂಡು ಬರುತ್ತಿದ್ದವು. ಪ್ರತಿ ತಿರುವು ದಾಟಿದ ಮೇಲೂ ನಾನು ನಿಂತೆ. ನಿಂತು, ದೀಪ ಮೂಡುವವರೆಗೆ ಉಸಿರು ಹಿಡಿದು, ಮತ್ತೆ ಹೊರಟೆ. ಜೋಯಿಡಾದಲ್ಲಿ ಚಹಾ ಕುಡಿಯುವಾಗ ವೈನಿ ಕಪ್ಪು-ಬಸಿ ಕೆಳಗಿಟ್ಟು ಹೇಳಿದರು.

"ಮಾರುತಿ, ಹಿಂಗ ನಿಂತಕೋತ ಹ್ವಾದ್ರ ನಾವು ಉಳವಿಗೆ ದೀಪಾವಳಿಗೆ ಮುಟ್ಟತೇವಿ. ನೀವು ನಿಂತಾಗೆಲ್ಲ ನನಗ ಬ್ರೇಕ್ ಹಾಕಬೇಕಾಗತೈತಿ. ಬೀಳೂದಿದ್ರ ನಿಮ್ಮಿಂದನ ಬೀಳತೇನಿ."

ಅವಮಾನವಾಯಿತು. ಅಲ್ಲಿಂದ ಹೊರಟವನು ಹಟಕ್ಕೆ ಬಿದ್ದು ಎಲ್ಲಿಯೂ ನಿಲ್ಲಲಿಲ್ಲ. ಆದರೆ ಹೆದರಿಕೆಗೂ ಮೂತ್ರಕೋಶಕ್ಕೂ ಇರುವ ನಂಟು ನನ್ನ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುಂಬಾರವಾಡದ ಕವಲು ಇನ್ನೂ ಸ್ವಲ್ಪ ದೂರವಿರುವಾಗ, ಗಾಲಿ ಬಿಚ್ಚಿಟ್ಟು ನಿಂತಿದ್ದ ಒಂದು ಕಟ್ಟಿಗೆಯ ಲಾರಿ ಕಂಡಿತು. ಅದರ ಆಚೆಯ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಅವರು ಬರುವುದರೊಳಗೆ ಮುಗಿಸೋಣವೆಂದು ಇಳಿಜಾರಿನ ಪೊದೆಗಳ ಹಿಂದೆ ಹೋದೆ. ಅಷ್ಟರಲ್ಲಿ ರಸ್ತೆಯ ಮೇಲೆ ಪ್ರವಾಸಿ ಹುಡುಗರ ಏಳೆಂಟು ಬೈಕುಗಳು ಕಾಡು ಬೆಚ್ಚುವಂತೆ ಗುಡುಗುತ್ತ ಹೋದವು. ಅಣ್ಣನ ಗಾಡಿಯ ಸದ್ದನ್ನು ನಿದ್ದೆಯಲ್ಲೂ ಗುರುತಿಸುತ್ತೇನೆಂದು ಹೇಳಿಕೊಳ್ಳುತ್ತಿದ್ದವನ ಕಿವಿಗೆ ಆ ಗದ್ದಲದಲ್ಲಿ ಏನೂ ಬೇರೆಯಾಗಿ ಕೇಳಲಿಲ್ಲ.

ಮೇಲೆ ಬಂದು ಕಾದೆ. ದೀಪ ಬರಲಿಲ್ಲ. ಫೋನಿನಲ್ಲಿ ನೆಟ್‌ವರ್ಕು ಇಲ್ಲ. ಲಾರಿಯ ಹತ್ತಿರ ಯಾರೂ ಇಲ್ಲ, ಗಾಲಿ ಹೊತ್ತುಕೊಂಡು ಪಂಕ್ಚರಿಗೆ ಹೋಗಿರಬೇಕು. ಇನ್ನೂ ಸ್ವಲ್ಪ ಕಾದು, ಕಾಯಲಾರದೆ ಗಾಡಿಯನ್ನು ಹಿಂದಕ್ಕೆ ತಿರುಗಿಸಿದೆ. ಹೆದರಿದವನ ಬುದ್ಧಿ ಒಂದೇ ದಿಕ್ಕಿಗೆ ಓಡುತ್ತದೆ. ಅವರು ಹಿಂದೆ ಬರುವವರು. ಆದ್ದರಿಂದ ಹಿಂದೆಯೇ ಇರಬೇಕು.

ಕೆಲವು ತಿರುವುಗಳಾಚೆ ಬಸ್ ತಂಗುದಾಣದಲ್ಲಿ ಸಿದ್ದಿ ಜನಾಂಗದ ಅಜ್ಜಿಯೊಬ್ಬಳು ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಗಾಡಿಯ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕಂಡೆಯಾ ಎಂದು ಕೇಳಿದೆ.

"ಹೋದ್ರಲ್ಲ. ಲೈಟ್ ಹತ್ತಿತ್ತು, ನಾ ಕೈ ಮಾಡಿ ಹೇಳಿದೆ. ಹಿಂದಿನ ಹುಡುಗಿ ನಮಸ್ಕಾರ ಮಾಡ್ತು."

"ಯಾವ ಕಡೆ ಹೋದ್ರು?"

"ಆ ಕಡೆನೇ. ನೀ ಬಂದೆಲ್ಲ, ಆ ಕಡೆ."

ಇಲ್ಲಿಂದ ಮುಂದೆ ಹೋಗಿದ್ದಾರೆ. ನಾನು ನಿಂತಲ್ಲಿಗೆ ಬಂದಿಲ್ಲ. ಹಾಗಾದರೆ ಈ ತಂಗುದಾಣಕ್ಕೂ ಆ ಲಾರಿಗೂ ನಡುವೆ, ಒಂದು ಬದಿ ಗುಡ್ಡ ಇನ್ನೊಂದು ಬದಿ ಕಣಿವೆ ಇರುವ ಈ ತುಂಡು ರಸ್ತೆಯಲ್ಲಿ, ಎಲ್ಲೋ. ಆ "ಎಲ್ಲೋ" ಎಂಬುದನ್ನು ಹುಡುಕುತ್ತ ಮತ್ತೆ ಮುಂದಕ್ಕೆ ಹೊರಟೆ. ಈಗ ನಡೆಯುವ ವೇಗದಲ್ಲಿ, ಕಣಿವೆಯ ಅಂಚಿನಲ್ಲಿ, ಮುರಿದ ಹುಲ್ಲು, ಟೈರಿನ ಕರಿಗೆರೆ, ಕಿತ್ತು ಬಿದ್ದ ಮಣ್ಣು ನೋಡುತ್ತ. ಒಂದು ಕಡೆ ಕೆಳಗೆ ಕೆಂಪಗೇನೋ ಕಂಡಿತು. ರೇಣುವಿನ ಹೆಗಲ ಮೇಲಿನ ಓಢಣಿ ಕೆಂಪು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿದೆನೋ ಇಲ್ಲವೋ, ಇಳಿಜಾರಿನಲ್ಲಿ ಕುಳಿತು ಜಾರುತ್ತ ಹೋಗಿ ನೋಡಿದರೆ ಯಾರೋ ತಿಂದು ಎಸೆದ ಚಿಪ್ಸಿನ ಪೊಟ್ಟಣ. ಅದನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕುಳಿತೆ. ಹೆಸರು ಹಿಡಿದು ಕೂಗಲು ಬಾಯಿ ತೆರೆದೆ. ಕೂಗಿದರೆ ಉತ್ತರ ಬಾರದೇ ಹೋದೀತೆಂದು ಕೂಗಲಿಲ್ಲ.

ಹೀಗೆ ಕುಳಿತಿದ್ದಾಗ ಮೇಲಿನಿಂದ ಒಂದು ಗಾಡಿಯ ಸದ್ದು ಕೇಳಿತು. ಗುರುತಿನ ಸದ್ದು; ಆದರೆ ಬರಬೇಕಾದ ಕಡೆಯಿಂದಲ್ಲ, ಕುಂಬಾರವಾಡದ ಕಡೆಯಿಂದ. ಬೇರು ಹಿಡಿದು ಏದುಸಿರು ಬಿಡುತ್ತ ರಸ್ತೆಗೆ ಹತ್ತಿದೆ. ಅಣ್ಣನ ಗಾಡಿ ನನ್ನ ಗಾಡಿಯ ಪಕ್ಕ ನಿಂತಿತ್ತು. ವೈನಿ ಹೆಲ್ಮೆಟ್ಟು ತೆಗೆದಿರಲಿಲ್ಲ. ರೇಣು ಇಳಿದು, ಕಣಿವೆಯೊಳಗೆ ಬಗ್ಗಿ ನೋಡುತ್ತಿದ್ದಳು.

"ಎಲ್ಲಿ ಹೋಗಿದ್ರಿ ಕಾಕಾ?"

"ನೀವು ಎಲ್ಲಿ ಹೋಗಿದ್ರಿ?"

"ನಾವು ಮುಂದ. ಕ್ರಾಸಿನ್ಯಾಗ ನೀವು ಇರಬೇಕಿತ್ತು, ಇರಲಿಲ್ಲ." ಅವಳ ದನಿ ಒಡೆಯಿತು. "ಅವ್ವ ಅಲ್ಲೇ ನೆಲದ ಮ್ಯಾಲೆ ಕುಂತಬಿಟ್ಳು."

ನಾನು ಲಾರಿಯ ವಿಷಯ, ಪೊದೆಯ ವಿಷಯ ಹೇಳಿದೆ. ಹೇಳುವಾಗ ಕೈಯಲ್ಲಿ ಆ ಪೊಟ್ಟಣ ಇನ್ನೂ ಇತ್ತು. ಮರೆಯಾದವನು ನಾನೇ ಆಗಿರಬಹುದು, ನನಗಾಗಿಯೂ ಯಾರಾದರೂ ಕಣಿವೆಗೆ ಬಗ್ಗಿ ನೋಡುತ್ತಿರಬಹುದು ಎಂಬುದು ಅಲ್ಲಿಯವರೆಗೂ ನನಗೆ ಹೊಳೆದಿರಲಿಲ್ಲ.

"ನನ್ನನ್ನ ಹುಡಕ್ಕೋತ ಬಂದ್ರೇನು?" ಎಂದೆ.

ವೈನಿ ಈಗ ಹೆಲ್ಮೆಟ್ಟು ತೆಗೆದರು. ಕಣ್ಣುಗಳು ಕೆಂಪಾಗಿದ್ದವು. "ಇಲ್ಲ. ಜೋಯಿಡಾಕ್ಕ ಹೊಂಟಿದ್ವಿ, ಚಾ ಕುಡದ ಅಂಗಡಿಗೆ."

"ಈಗ ಎಂಥಾ ಚಾ ವೈನಿ?"

"ನಿಮ್ಮಣ್ಣನ ಮಾತದು. ಪ್ರತಿ ಸಲ ಹೇಳ್ತಿದ್ರು. ಮಾರುತಿ ತಪ್ಪಿಸ್ಕೊಂಡ್ರ ಹುಡುಕಾಕ ಹೋಗಬ್ಯಾಡ್ರಿ. ಹಿಂದ ಎಲ್ಲಿ ಚಾ ಕುಡದೀರಿ ಅಲ್ಲಿ ಹೋಗಿ ಕುಂದರ್ರಿ. ಅಂವ ಚಾ ಬಿಟ್ಟು ಭಾಳ ದೂರ ಹೋಗೂದಿಲ್ಲ."

ನಗು ಬಂತು. ನಗುವಿನ ಹಿಂದೆಯೇ ಬೇರೆಯದೂ ಬಂತು, ಮುಖ ತಿರುಗಿಸಿಕೊಂಡೆ. "ನನಗ ಒಮ್ಮೆಯೂ ಹೇಳಿಲ್ಲ" ಎಂದೆ.

"ನಿಮಗ್ಯಾಕ ಹೇಳತಾರ? ತಪ್ಪಿಸ್ಕೊಳ್ಳಾವ್ರು ನೀವು."

"ಅಲ್ರಿ, ಮುಂದ ಹೋಗ್ತಿದ್ದಾವ ನಾನು. ದಾರಿ ತೋರಸ್ತಿದ್ದಾವ ನಾನು."

ರೇಣು ಕಣ್ಣೊರೆಸಿಕೊಂಡು, ಅವಳಪ್ಪನ ಹಾಗೆಯೇ ಒಂದು ಬದಿಯ ತುಟಿಯಲ್ಲಿ ನಕ್ಕಳು. "ನೀವು ಮುಂದ ಹೋಗ್ತಿದ್ದಿಲ್ಲ ಕಾಕಾ. ಅಪ್ಪ ನಿಮ್ಮನ್ನ ಮುಂದ ಬಿಡ್ತಿದ್ದ."

"ಹಿಂದ ಬಿಟ್ರ ಅಂವ ಬಿದ್ದಿದ್ದೂ ಗೊತ್ತಾಗೂದಿಲ್ಲ, ಮುಂದ ಇದ್ರ ಕಣ್ಣಿಗೆ ಕಾಣತಾನು ಅಂತಿದ್ರು" ಎಂದರು ವೈನಿ. "ನನ್ನನ್ನ ಹಿಂದ ಕೂಡಿಸ್ಕೊಂಡು ನೋಡತಿದ್ದುದು ನಿಮ್ಮನ್ನ."

ಹಳಿಯಾಳಕ್ಕೆ ಮರಳೋಣವೇ ಎಂದು ಕೇಳಬೇಕೆಂದಿದ್ದೆ. ಕೇಳುವುದರೊಳಗೆ ವೈನಿ ಗಾಡಿಯನ್ನು ಕುಂಬಾರವಾಡದ ಕಡೆ ತಿರುಗಿಸಿ ನಿಲ್ಲಿಸಿದ್ದರು.

"ಇನ್ನ ನಾವು ಮುಂದ. ನೀವು ಹಿಂದ ಬರ್ರಿ" ಎಂದರು.

ಹಾಗೆ ನಾನು ಮೊದಲ ಸಲ ಆ ರಸ್ತೆಯಲ್ಲಿ ಹಿಂದೆ ಹೋದೆ. ಹಿಂದೆ ಇರುವವನಿಗೆ ಕಾಣುವುದು ತನ್ನವರ ಬೆನ್ನು. ಅದು ಪುಟ್ಟದಾಗಿ ಕಾಣುತ್ತದೆ, ಗಾಳಿಗೆ ಉಬ್ಬುತ್ತದೆ, ಮರದ ನೆರಳು ಅದರ ಮೇಲೆ ಹರಿದು ಹೋಗುತ್ತದೆ. ಎಷ್ಟು ಸುಲಭವಾಗಿ ಪೆಟ್ಟಾಗಬಲ್ಲದ್ದು ಎಂದು ಅದನ್ನು ಹೊತ್ತವರಿಗೆ ಗೊತ್ತೇ ಇರುವುದಿಲ್ಲ. ಅಣ್ಣ ನಿಧಾನಸ್ಥನೆಂದು ನಾನು ಅಂದುಕೊಂಡಿದ್ದೆ. ಇಷ್ಟು ವರ್ಷ ಅವನು ಪ್ರತಿ ತಿರುವಿನಲ್ಲೂ ನನ್ನನ್ನು ಕಳೆದುಕೊಂಡು, ತಿರುವಿನಾಚೆ ಮತ್ತೆ ಕಂಡುಕೊಂಡು ಬಂದಿದ್ದ. ಒಮ್ಮೆಯೂ ಹಾರ್ನ್ ಹೊಡೆದು ಕರೆದಿರಲಿಲ್ಲ, ವೇಗ ಹೆಚ್ಚಿಸಿ ಬೆನ್ನು ಹತ್ತಿರಲಿಲ್ಲ. ಚಹಾದಂಗಡಿಯಲ್ಲಿ ಎದುರು ಕುಳಿತಾಗ ಮುಖದಲ್ಲಿ ಏನನ್ನೂ ತೋರಿಸಿರಲಿಲ್ಲ. ಹೆದರಿಕೆ ಇಲ್ಲದ ಮನುಷ್ಯನೆಂದು ನಾನು ನಂಬಿದ್ದವನು ನನಗಿಂತ ಹೆಚ್ಚು ಹೆದರಿದ್ದ, ಹೆದರಿಕೊಂಡೇ ನನಗೆ ರಸ್ತೆ ಬಿಟ್ಟುಕೊಟ್ಟಿದ್ದ.

ಕವಲಿನಲ್ಲಿ ವೈನಿ ನಿಂತು, ನಾನು ಬಂದದ್ದು ನೋಡಿ, ಉಳವಿಯ ಕಡೆಗೆ ಗಾಡಿ ಬಿಟ್ಟರು. ಮುಂದೆ ದೊಡ್ಡ ತಿರುವು. ಗಾಡಿ ವಾಲಿತು, ಕೆಂಪು ಓಢಣಿಯ ತುದಿ ಒಂದು ಸಲ ಮಿಂಚಿತು, ಇಬ್ಬರೂ ಗುಡ್ಡದ ಮರೆಗೆ ಸರಿದರು. ಎದೆ ಹಾರಿತು. ಕೈ ಆಕ್ಸಿಲರೇಟರಿನ ಮೇಲೆ ಬಿಗಿಯಾಯಿತು. ಬಿಗಿಯಾದ ಕೈಯನ್ನು ಹಾಗೆಯೇ ಹಿಡಿದು, ನಾನು ಇದ್ದ ವೇಗದಲ್ಲೇ ಹೋದೆ.