ನೀಲಾಬಾಯಿಯ ಫಳಾರ

ತಿಕೋಟಾದ ಬಸ್ ನಿಲ್ದಾಣದ ಎದುರು ಇಪ್ಪತ್ತು ವರ್ಷದಿಂದ ಬಟಾಟಿ ಬಜ್ಜಿ ಕರಿಯುವ ನೀಲಾಬಾಯಿಯನ್ನು ಕೇಳಿ ನೋಡಿ, ತರಕಾರಿಗಳ ಜಾತಕವನ್ನೇ ಬಿಚ್ಚುತ್ತಾಳೆ. "ಹಾಗಲಕಾಯಿಗೆ ಸೊಕ್ಕು ರೀ. ಬದನಿಕಾಯಿಗೆ ಎಷ್ಟ ಎಣ್ಣಿ ಕುಡಿಸಿದ್ರೂ ಸಮಾಧಾನ ಇಲ್ಲ. ಬಟಾಟಿ ನೋಡ್ರಿ, ಯಾರ ಮನಿಗೆ ಕೊಟ್ರೂ ಹೊಂದಕೊಂಡು ಬಾಳೇವು ಮಾಡತೈತಿ." ವಿಜಯಪುರದ ಮಾರ್ಕೆಟ್‌ನಿಂದ ಬಟಾಟಿ ಚೀಲ ತರುವಾಗ ಬಸ್ಸಿನಲ್ಲಿ ಅದಕ್ಕೆ ಸೀಟು ಹಿಡಿದು ತಾನು ನಿಲ್ಲುವ ಹೆಂಗಸು ಅವಳು.

ಇಂಥವಳ ಮಗಳು ಕಾವ್ಯಾಳನ್ನು ನೋಡಲು ಮಮದಾಪುರದಿಂದ ಮೂವರು ಬಂದರು: ಹುಡುಗ ದಶರಥ, ಅವನ ತಾಯಿ ಶಂಕ್ರೆವ್ವ, ಅಜ್ಜ ಶಿವಯೋಗೆಪ್ಪ. ಹುಡುಗ ಹುಡುಗಿ ಫೋನಿನಲ್ಲೇ ಒಪ್ಪಿಕೊಂಡಾಗಿತ್ತು. ಉಳಿದದ್ದು ಹಿರಿಯರ ಪದ್ಧತಿ. ಬಂದವರು ಉಂಡು ಹೋದರೆ ಸಂಬಂಧ ಗಟ್ಟಿ, ಬರೀ ನೀರು ಕುಡಿದು ಎದ್ದರೆ ಇಲ್ಲ. ನೀಲಾಬಾಯಿ ಹೋಳಿಗೆ, ಎಣಗಾಯಿ, ಕಟ್ಟಿನ ಸಾರು ಮಾಡಿ ತಾಟು ಇಟ್ಟಳು.

ಅಜ್ಜ ತಾಟನ್ನು ಮೆಲ್ಲಗೆ ಸರಿಸಿದ. "ತಂಗೀ, ಇವತ್ತ ಏಕಾದಶಿ ಅಲ್ಲೇನ?"

"ನಿನ್ನೆ ಆತಲ್ರೀ ಯಪ್ಪಾ. ನಾ ಉಪಾಸ ಮಾಡೇನಿ."

ಆ ಸಲ ಏಕಾದಶಿ ಎರಡು ದಿನ ಬಿದ್ದಿತ್ತು. "ನಾವು ಎರಡನೇ ದಿನದ್ದು ಹಿಡಿತೀವಿ. ನೀವೂ ಹಂಗ ಅಂತ ತಿಳಕೊಂಡ್ವಿ" ಎಂದ ಅಜ್ಜ.

ಕಾವ್ಯಾಳ ಮುಖ ಬಾಡಿತು. ದಶರಥ ಹೋಳಿಗೆಯನ್ನೇ ನೋಡುತ್ತ ಕುಳಿತ.

ನೀಲಾಬಾಯಿ ಮಾತ್ರ ಮಂಚದ ಕೆಳಗಿನ ಚೀಲಕ್ಕೆ ಕೈ ಹಾಕಿದಳು. ಉಪವಾಸಕ್ಕೆ ಬಟಾಟಿ ನಡೆಯುತ್ತದೆ. ಅರಿಸಿಣ, ಉಳ್ಳಾಗಡ್ಡಿ ಮುಟ್ಟದೆ ಶೇಂಗಾಪುಡಿ, ಹಸಿಮೆಣಸಿನಕಾಯಿ ಹಾಕಿ ಪಲ್ಯ ಮಾಡಿದಳು. ತುರಿದು ತಟ್ಟಿ ತುಪ್ಪದಲ್ಲಿ ಥಾಲಿಪೆಟ್ಟು ಬೇಯಿಸಿದಳು. ಉಳಿದದ್ದಕ್ಕೆ ಸಕ್ಕರೆ ಸುರಿದು ಶೀರಾ ತಿರುವಿದಳು.

ಅಜ್ಜ ತಾಟು ಬಳಿದು ತಿಂದ. "ಚಲೋ ಆಗೇತಿ. ಆದ್ರ ಇದು ಉಪಾಸದ ಫಳಾರ, ಊಟ ಅಲ್ಲ. ಮಾತು ಕೊಟ್ಟಂಗ ಆಗೂದಿಲ್ಲ." ಹೀಗೆಂದು ತಾಟು ಮುಂದೆ ಚಾಚಿದ. "ಒಂದೀಟ ಶೀರಾ ನೀಡು."

ಮೂರನೆಯ ಸಲ ನೀಡುವಾಗ ನೀಲಾಬಾಯಿ ಕೇಳಿದಳು, "ಇನ್ನೂ ಊಟ ಆಗಿಲ್ಲೇನ್ರಿ?"

"ಎಲ್ಲಿದು, ಫಳಾರಾನ. ಆ ಪಲ್ಯ ಇತ್ತ ತಾ."

ನಾಲ್ಕನೆಯ ತಾಟಿಗೆ ಅಜ್ಜನ ಕೈ ಸೊಂಟಕ್ಕೆ ಹೋಯಿತು. ಶಂಕ್ರೆವ್ವ ಬಾಯಿಗೆ ಸೆರಗು ಹಿಡಿದಳು. "ಮಾವಾರ, ಫಳಾರಕ್ಕ ಯಾರರ ಧೋತರ ಸಡ್ಲ ಮಾಡ್ತಾರೇನ್ರಿ?"

ಮನೆಗೆ ಮನೆಯೇ ನಕ್ಕಿತು. ಒಳಗೆ ಕಾವ್ಯಾ ನಗು ತಡೆಯಲಾರದೆ ಜೋಳದ ಚೀಲದ ಮೇಲೆ ಕುಸಿದಳು. ಅಜ್ಜ ಒಮ್ಮೆ ತೇಗಿದ. ಬಬಲೇಶ್ವರದ ತನಕ ಕೇಳಿರಬೇಕು.

"ಆತು, ಉಂಡೇನಿ. ಸಂಬಂಧ ಗಟ್ಟಿ. ಆದ್ರ ನಂದೊಂದು ಮಾತ ಐತಿ."

ನೀಲಾಬಾಯಿ ಶೀರಾದ ಸೌಟು ಕೆಳಗಿಟ್ಟಳು.

"ಲಗ್ನಾನೂ ಏಕಾದಶಿಗೇ ಇಡೂಣು."