ಎರಡನೆಯ ಮಣೆ

ಮೊನ್ನೆ ಇಬ್ಬರು ಹಿರೇಗುತ್ತಿಯ ನಮ್ಮ ಮನೆಗೆ ಬಂದಿದ್ದರು. ಮಾಸ್ತರರ ನೆನಪಿಗೆ ಒಂದು ಕೋಣೆ ಮಾಡುತ್ತಾರಂತೆ. ಅಲ್ಲಿಯ ಗಾಜಿನ ಕಪಾಟಿಗೆ ನಮ್ಮ ಹಲಸಿನ ಮಣೆ ಬೇಕಂತೆ. ಕೊಟ್ಟರಾಯಿತೆಂದು ದೇವರ ಫೋಟೋಗಳ ಸಾಲಿನಿಂದ ಇಳಿಸಿದೆ. ಊದುಬತ್ತಿಯ ಮಸಿ ಹಿಡಿದಿತ್ತು. ಆ ಮಸಿ ಕಂಡು ನನಗೆ ನಾಚಿಕೆಯಾಯಿತು. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕೂತು ಕೇಳಿ.

ಮಾಸ್ತರರು ಶಾಲೆಯ ನೌಕರಿ ಬಿಟ್ಟು ರಾಜಕೀಯಕ್ಕೆ ಬಿದ್ದವರು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ, ಗದ್ದೆ ಉಳುವವರಿಗೇ ಸೇರಬೇಕೆಂದು ಹೇಳುತ್ತ ಕುಮಟೆಯಿಂದ ಭಟ್ಕಳದವರೆಗೆ ಸೈಕಲ್ ತುಳಿದರು. ಎರಡು ಚುನಾವಣೆ ಸೋತರು, ಒಂದು ಗೆದ್ದರು. ಸೈಕಲ್ ಮಾತ್ರ ಅದೇ. ಹೊನ್ನಾವರದ ಹೊಳೆಯಲ್ಲಿ ದೋಣಿ ಆಚೆ ದಡ ಮುಟ್ಟುವುದರೊಳಗೆ ಅಂಬಿಗನನ್ನೂ ಪಕ್ಷಕ್ಕೆ ಸೇರಿಸುತ್ತಾರೆಂದು ಜನ ನಗುತ್ತಿದ್ದರು.

ನಾವು ಗೇಣಿಯವರು. ಮನೆಯಲ್ಲಿದ್ದದ್ದು ಒಂದೇ ಮಣೆ, ಅದೂ ಭೂಮಾಲೀಕರ ಕಾರಭಾರಿ ಬಂದರೆ ಕೂರಲಿಕ್ಕೆ. ಅವನು ಕೂತಷ್ಟು ಹೊತ್ತು ಅಪ್ಪ ತಲೆಯ ವಸ್ತ್ರ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಅಂಗಳದಲ್ಲಿ ನಿಂತಿರಬೇಕು. ಮಾಸ್ತರರು ಮೊದಲ ಸಲ ಬಂದಾಗ ಅವ್ವಿ ಅದೇ ಮಣೆ ಇಟ್ಟಳು. ಅವರು ಕೂರಲಿಲ್ಲ.

"ನಿಂಗೆಲ್ಲಿ ಮಣೆ?" ಎಂದು ಅಪ್ಪನನ್ನು ಕೇಳಿದರು.

"ನಂಗೆ ಎಂತಕೆ, ಒಡೆಯಾ?"

"ಇನ್ನೊಂದು ಮಾಡ್ಸು. ನೀ ಕೂತ್ರೆ ನಾನೂ ಕೂರ್ತೆ. ನಿಂತ್ಕಂಡು ಕೇಳಿದ್ರೆ ಯಾರೂ ಗದ್ದೆ ಕೊಡುದಿಲ್ಲ."

ಅಪ್ಪ ಹಲಸಿನ ಮರದಲ್ಲಿ ಮಾಡಿಸಿದ. ಮಾಡಿಸಿ, ಅರಿಶಿನ ಕುಂಕುಮ ಹಚ್ಚಿ ತುಳಸಿಕಟ್ಟೆಯ ಮುಂದಿಟ್ಟು ಕೈಮುಗಿದ! ಮತ್ತೆ ಬಂದ ಮಾಸ್ತರರು ಅದನ್ನು ಕಂಡು ಉರಿದುಬಿದ್ದರು.

"ಪೂಜೆ ಮಾಡೂಕೆ ಹೇಳಿದ್ದು ಯಾರು? ಕಾರಭಾರಿ ಎದ್ರಿಗೆ ಕೂರೂಕೆ ಹೇಳಿದ್ದು!" ಎಂದು ಕುಂಕುಮವನ್ನು ತಾವೇ ಒರೆಸಿದರು.

ಆ ಸುಗ್ಗಿಯಲ್ಲಿ ಕಾರಭಾರಿ ಬಂದ. ಅಪ್ಪ ಎರಡನೆಯ ಮಣೆ ಎದುರಿಗೆ ಹಾಕಿ ಕೂತ. ತಲೆಯ ವಸ್ತ್ರ ತಲೆಯಲ್ಲೇ ಇತ್ತು. ಎರಡೂ ಕೈಯಲ್ಲಿ ಮಣೆಯ ಅಂಚು ಹಿಡಿದುಕೊಂಡಿದ್ದ.

"ಏಳೋ! ಇಲ್ದಿದ್ರೆ ಮಳೆಗಾಲ್ದಲ್ಲಿ ಗದ್ದೆಗೆ ಇಳೂದು ಬ್ಯಾಡ."

"ಇಳಿತೆ," ಎಂದ ಅಪ್ಪ. ಏಳಲಿಲ್ಲ.

ನಾನು ಅವ್ವಿಯ ಸೆರಗಿನ ಹಿಂದಿದ್ದೆ. ಅಪ್ಪನ ಪಕ್ಕದಲ್ಲೇ ನಿಂತಿದ್ದೆನೆಂದು ಮುಂದೆ ಮಹಿಳಾ ಮಂಡಳದಲ್ಲಿ ಹೇಳಿಕೊಂಡದ್ದುಂಟು, ಸುಳ್ಳು.

ಮಳೆ ಹಿಡಿದಾಗ ಕಾರಭಾರಿಯ ಆಳುಗಳು ಗದ್ದೆಯ ಅಂಚಿನಲ್ಲಿ ಬಂದು ನಿಂತರು. ಮಾಸ್ತರರು ಧೋತರ ಎತ್ತಿಕಟ್ಟಿ ಅಪ್ಪನ ಜೊತೆ ಕೆಸರಿಗಿಳಿದರು. ಆಳುಗಳು ಸಂಜೆಯವರೆಗೆ ಕಾದು ಹಿಂತಿರುಗಿದರು. ಮಾಸ್ತರರು ನೆಟ್ಟ ಸಾಲೆಲ್ಲ ಡೊಂಕು. ಮರುದಿನ ಅವ್ವಿ ಅವರ ಸಸಿಗಳನ್ನು ಕಿತ್ತು ಮತ್ತೆ ನೆಟ್ಟಳು. ಗದ್ದೆ ಮಾತ್ರ ನಮ್ಮ ಕೈಯಲ್ಲೇ ಉಳಿಯಿತು.

ಅಂಥ ಮಣೆಗೆ ನಾನು ಇಷ್ಟು ವರ್ಷ ಊದುಬತ್ತಿ ಹಚ್ಚಿದೆ. "ಕೊಡುವುದಿಲ್ಲ," ಎಂದು ಬಂದವರನ್ನು ಕಳಿಸಿ, ಮಸಿ ಒರೆಸುತ್ತಿದ್ದಾಗ ಮೀನಿನ ನಾಗಿ ಬುಟ್ಟಿ ಇಳಿಸಿ ಎಂದಿನಂತೆ ಅಂಗಳದಲ್ಲಿ ನಿಂತಳು. ದಿನವೂ ಅವಳು ನಿಂತಿರುತ್ತಾಳೆ, ನಾನು ಕುರ್ಚಿಯಲ್ಲಿ ಕೂತು ಚೌಕಾಸಿ ಮಾಡುತ್ತೇನೆ. ಇದು ಈವರೆಗೆ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಮಣೆ ಹಾಕಿದೆ. "ಕೂತ್ಕಾ ನಾಗಿ."

"ಬ್ಯಾಡ ಅಮ್ಮಾ, ಮೀನಿನ ನೀರು ತಾಗ್ತದೆ."

"ತಾಗ್ಲಿ."

ಅವಳು ಕೂತಳು. ಹಳೆಯ ಮಣೆ ಎಂದೋ ಗೆದ್ದಲು ಹಿಡಿದು ಹೋಗಿದೆ. ನಾನು ನೆಲದ ಮೇಲೆ ಕೂತೆ. ಇನ್ನೊಂದು ಮಣೆಗೆ ಆಚಾರಿಗೆ ಹೇಳಿ ಕಳಿಸಿದ್ದೇನೆ.