ಬೇಯದ ಸಾಬೂದಾನಿ

ಸಾಬೂದಾನಿ ಎಂದು ತಿಳಿದು ನನ್ನ ಮೊಮ್ಮಗಳ ಪರೀಕ್ಷೆಯನ್ನು ನಾನೇ ಕುದಿಸಿದೆ. ನಡೆದದ್ದು ಇಷ್ಟೇ. ನಮ್ಮ ಓಣಿಯಲ್ಲಿ ಇದಕ್ಕೆ ಬಾಲ, ಕೊಂಬು ಹಚ್ಚಿ ಹೇಳುತ್ತಾರೆ. ಢಮ್ ಎಂದು ಸಿಡಿಯಿತಂತೆ, ಅಡಿಗೆಮನೆಯ ಹೆಂಚು ಹಾರಿತಂತೆ, ಮುದುಕಿ ಪೆಟ್ರೋಲು ಕುಡಿದು ಆಸ್ಪತ್ರೆ ಸೇರಿದಳಂತೆ. ಯಾವುದೂ ಇಲ್ಲ. ನಮ್ಮ ಮನೆಗೆ ಹೆಂಚೇ ಇಲ್ಲ, ಆರ್‌ಸಿಸಿ.

ಮೊಮ್ಮಗಳು ಎಂದರೆ ಮಗಳ ಮಗಳು. ಅವಳ ಅಪ್ಪ ಅಮ್ಮ ಹಡಗಲಿಯಲ್ಲಿ ಮಲ್ಲಿಗೆ ಬೆಳೆಯುತ್ತಾರೆ. ಅಲ್ಲಿ ಪುಸ್ತಕ ಹಿಡಿದು ಕೂತರೆ, ಕೈ ಖಾಲಿ ಇದೆಯಲ್ಲ, ಮೊಗ್ಗು ಬಿಡಿಸು ಬಾ ಎನ್ನುತ್ತಾರೆ. ಅದಕ್ಕೆ ಪರೀಕ್ಷೆ ಬಂತೆಂದರೆ ಅವಳು ಕೊಟ್ಟೂರಿಗೆ, ನನ್ನ ಮನೆಗೆ ಬರುತ್ತಾಳೆ. ಓದುವುದು ದಾವಣಗೆರೆಯ ಕಡೆ ಒಂದು ಕಾಲೇಜಿನಲ್ಲಿ, ಎಣ್ಣೆಯ ಎಂಜಿನಿಯರಿಂಗ್. ಅಡಿಗೆ ಎಣ್ಣೆಯಲ್ಲ, ನೆಲದಿಂದ ತೆಗೆಯುವ ಎಣ್ಣೆ. ಅವಳು ಶೇಂಗಾ ಎಣ್ಣೆಯ ಮಿಲ್ಲಿಗೆ ಓದುತ್ತಿದ್ದಾಳೆ ಎಂದೇ ಮೂರು ವರ್ಷ ನಾನು ತಿಳಿದಿದ್ದೆ, ಹಾಗೆಂದೇ ಊರಿಗೆಲ್ಲ ಹೇಳಿದ್ದೆ.

ಕೊನೆಯ ವರ್ಷದಲ್ಲಿ ಏನಾದರೂ ಒಂದನ್ನು ತಾವೇ ಮಾಡಿ ತೋರಿಸಬೇಕಂತೆ. ಒಂದು ಬಟ್ಟಲು ಬಿಳಿ ಗುಂಡುಗಳನ್ನು ಇಟ್ಟುಕೊಂಡು, ಕೆಲಸಕ್ಕೆ ಬಾರದ ದಪ್ಪ ಎಣ್ಣೆಯಿಂದ ತಿಳಿ ಪೆಟ್ರೋಲು ತೆಗೆದು ತೋರಿಸುವವಳಿದ್ದಳು ಇವಳು. ಆ ಗುಂಡುಗಳು ಅಂಗಡಿಯಲ್ಲಿ ಸಿಗುವಂಥವಲ್ಲ. ಅವಳ ಕಾಲೇಜಿನ ಸಾಹೇಬರು ಸಮುದ್ರದ ದಂಡೆಯ ಒಂದು ಎಣ್ಣೆ ಕಾರ್ಖಾನೆಗೆ ಪತ್ರದ ಮೇಲೆ ಪತ್ರ ಬರೆದು ತರಿಸಿದ್ದು. ಇದು ಸರಿಯಾಗಿ ಆದರೆ ಅದೇ ಕಾರ್ಖಾನೆಗೆ ತರಬೇತಿಗೆ ನಿನ್ನ ಹೆಸರು ಕಳಿಸುತ್ತೇನೆ ಎಂದು ಅವರು ಹೇಳಿದ್ದರು. ಇಡೀ ತರಗತಿಗೆ ಒಂದೇ ಹೆಸರು. ಹುಡುಗಿ ಎರಡು ತಿಂಗಳಿಂದ ಊಟ ತಿಂಡಿ ಬಿಟ್ಟು ಅದನ್ನೇ ಜಪಿಸುತ್ತಿದ್ದಳು. ಇದೆಲ್ಲ ನನಗೆ ಗೊತ್ತಾದದ್ದು ಕುದಿಸಿದ ಮೇಲೆ. ಮೊದಲೇ ಹೇಳಿದ್ದಳಂತೆ. ಹೇಳಿರಬಹುದು, ನಾನು ಧಾರಾವಾಹಿ ನೋಡುತ್ತಿದ್ದೆ.

ಕಾಲೇಜಿನಲ್ಲಿಟ್ಟರೆ ಯಾರಾದರೂ ಕಳೆದಾರು, ಅಜ್ಜಿಯ ಮನೆಯಲ್ಲಿ ಭದ್ರ ಎಂದು ಗುಂಡುಗಳನ್ನು ಜೊತೆಗೇ ತಂದಿದ್ದಳು. ಅವಕ್ಕೆ ಗಾಳಿಯ ತೇವ ಹತ್ತಬಾರದು. ಆ ಬೆಳಿಗ್ಗೆ ಸ್ಟೀಲಿನ ತಟ್ಟೆಯಲ್ಲಿ ಹರಡಿ ಮಾಳಿಗೆಯ ಬಿಸಿಲಿಗೆ ಇಟ್ಟು, ಕೆಳಗೆ ಬಂದು ಕಿವಿಗೆ ವೈರು ಸಿಕ್ಕಿಸಿಕೊಂಡು ಓದಲು ಕುಳಿತಳು.

ಅದೇ ಬೆಳಿಗ್ಗೆ ನಾನು ಸಂಡಿಗೆ ಮಾಡುತ್ತಿದ್ದೆ. ನೆನೆಹಾಕಿದ ಸಾಬೂದಾನಿ ಕುದಿಯುತ್ತಿತ್ತು, ಸ್ವಲ್ಪ ಸಾಲದು ಎನ್ನಿಸಿತು. ಬಟ್ಟೆ ಹಾಸಲು ಮಾಳಿಗೆಗೆ ಹೋದರೆ ತಟ್ಟೆಯ ತುಂಬ ಸಾಬೂದಾನಿ! ಹುಳ ಬಿದ್ದಿತ್ತೇನೋ, ಹುಡುಗಿ ಬಿಸಿಲಿಗೆ ಹಾಕಿದ್ದಾಳೆ, ಪರವಾಗಿಲ್ಲ, ಮನೆಗೆಲಸ ಕಲಿಯುತ್ತಿದ್ದಾಳೆ ಎಂದು ಹಿಗ್ಗಿದೆ. ಎಲ್ಲವನ್ನೂ ಸೆರಗಿಗೆ ಸುರಿದುಕೊಂಡು ಬಂದು ಕುದಿಯುವ ಪಾತ್ರೆಗೆ ಹಾಕಿದೆ. ಆ ಹಿಗ್ಗು ಒಂದು ತಾಸು ಇತ್ತು.

ಮೊದಲಿನದು ಕರಗಿ ಗಂಜಿಯಾಯಿತು. ಆಮೇಲೆ ಸುರಿದದ್ದು ಕರಗಲಿಲ್ಲ. ಸೌಟು ಆಡಿಸಿದರೆ ತಳದಲ್ಲಿ ಕಟಕಟ ಎನ್ನುತ್ತಿತ್ತು. ಬೆಂಕಿ ಜೋರು ಮಾಡಿದೆ. ಅಡಿಗೆ ಸೋಡಾ ಹಾಕಿದೆ. ಏನು ಮಾಡಿದರೂ ಕಟಕಟ. ಐವತ್ತು ವರ್ಷ ಸಂಡಿಗೆ ಹಾಕಿದ ಕೈ ನನ್ನದು, ತಪ್ಪು ನನ್ನದಿರಲು ಸಾಧ್ಯವೇ ಇಲ್ಲ. ಒಂದು ಬಟ್ಟಲು ಗಂಜಿ ತುಂಬಿಕೊಂಡು ನೆಟ್ಟಗೆ ಶೆಟ್ಟರ ಕಿರಾಣಿ ಅಂಗಡಿಗೆ ಹೋದೆ.

“ಶೆಟ್ರ, ನೀವು ಸಾಬೂದಾನಿ ಮಾರ್ತೀರೋ, ಸೈಕಲ್ ಗುಂಡು ಮಾರ್ತೀರೋ?”

“ಯಾಕವ್ವಾ ಬೆಳಬೆಳಿಗ್ಗಿ ಬಾಯಿ ಮಾಡ್ತಿ? ನಮ್ಮ ಮಾಲು ಬೆಣ್ಣಿ ಕರಗಿದಂಗ ಕರಗತೈತಿ.”

“ಕರಗತೈತಂತ! ಬಾಯಾಗ ಹಾಕ್ಕೊಂಡು ನೋಡ್ರಿ ಹಂಗಾರ.”

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿ ಇದ್ದರು. ಶೆಟ್ಟರು ಹಿಂಜರಿಯುವಂತಿರಲಿಲ್ಲ. ಒಂದು ಕಾಳು ಆರಿಸಿ ಬಾಯಿಗೆ ಹಾಕಿ ಕಚ್ಚಿದರು. ಕಟ್ ಎಂದಿತು. ಕೆನ್ನೆ ಹಿಡಿದುಕೊಂಡು ಅಂಗೈಗೆ ಉಗಿದರು. ಗುಂಡು ಹಾಗೇ ಇತ್ತು, ಪಕ್ಕದಲ್ಲಿ ಹಲ್ಲಿನ ಚೂರು.

“ಇದು ನನ್ನ ಅಂಗಡಿದಲ್ಲ” ಎಂದರು ಅಷ್ಟು ನೋವಿನಲ್ಲೂ. “ನನ್ನ ಮಾಲು ತಿಂದು ಯಾರದಾದ್ರೂ ಹೊಟ್ಟಿ ಕೆಟ್ಟಿರಬೋದು. ಹಲ್ಲು ಮುರಿದಿಲ್ಲ.”

ಆ ಮಾತು ನ್ಯಾಯವಾಗಿತ್ತು. ಮನೆಗೆ ಬಂದೆ. ಮೊಮ್ಮಗಳು ಖಾಲಿ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು.

“ಅಜ್ಜಿ, ಇದರಾಗಿನ ಗುಂಡು ಎಲ್ಲಿ?”

“ಯಾವ ಗುಂಡು? ಸಾಬೂದಾನಿ ಇತ್ತು. ಸಂಡಿಗಿಗೆ ಹಾಕೀನಿ.”

ಅವಳು ಮೆಟ್ಟಿಲ ಮೇಲೇ ಕುಳಿತುಬಿಟ್ಟಳು. ಆದರೆ ಅಳಲಿಲ್ಲ. ವಿಚಾರಣೆ ಮಾಡಿದಳು.

“ಉಪ್ಪು ಹಾಕಿಯೇನು?”

“ಸಂಡಿಗಿಗೆ ಉಪ್ಪು ಹಾಕದ ಸಕ್ಕರಿ ಹಾಕ್ತಾರೇನು?”

“ಮತ್ತೇನು ಹಾಕಿದಿ?”

“ಹಸಿಮೆಣಸಿನಕಾಯಿ, ಜೀರಿಗಿ. ಬೇಯಲಿಲ್ಲ ಅಂತ ಒಂದು ಚಮಚ ಸೋಡಾ.”

“ಸೋಡಾ!”

ಮೆಣಸಿನಕಾಯಿಗೆ ಅಳದವಳು ಸೋಡಾಕ್ಕೆ ಅತ್ತಳು. ಪರೀಕ್ಷೆ ನಾಡಿದ್ದು. ಬೇರೆ ಗುಂಡು ತರಿಸಲು ತಿಂಗಳು ಬೇಕು. ಗುಂಡಿಲ್ಲದೆ ಹೋದರೆ ಹೆಸರು ಕಳಿಸುವ ಮಾತು ಹಾಗಿರಲಿ, ವರ್ಷವೇ ಹೋಗುತ್ತದೆ. ಆಗಲೇ ಇದನ್ನೆಲ್ಲ ಬಿಕ್ಕುತ್ತ ಹೇಳಿದ್ದು. ಈ ಸಲ ಕೇಳಿಸಿಕೊಂಡೆ.

“ಅತ್ತು ಮುಗೀತೋ ಇಲ್ಲೋ? ಮುಗಿದಿದ್ರ ಜರಡಿ ತಗೊಂಡು ಬಾ” ಎಂದೆ.

ಜರಡಿಗೆ ಸುರಿದು ಮೇಲಿಂದ ಬಿಸಿನೀರು ಹಾಕಿದರೆ ಗಂಜಿ ಇಳಿದುಹೋಯಿತು, ಗುಂಡು ಉಳಿದವು. ಜೀರಿಗೆ ಮಾತ್ರ ಇಬ್ಬರೂ ಕೂತು ಕೈಯಿಂದ ಆರಿಸಬೇಕಾಯಿತು. ಆರಿಸುತ್ತ ಕೇಳಿದೆ.

“ಈ ಸುಡುಗಾಡು ಗುಂಡು ಅಂದ್ರ ಏನು?”

“ಕ್ಯಾಟಲಿಸ್ಟ್.”

“ಯಾವ ಲಿಸ್ಟು? ರೇಷನ್ ಲಿಸ್ಟಿನಾಗ ನನ್ನ ಹೆಸರು ಬಿಟ್ಟಾರಲ್ಲ, ಹಂಗಾ?”

ನಗಬಾರದೆಂದು ತುಟಿ ಕಚ್ಚಿಕೊಂಡಳು. ಆಮೇಲೆ ಹೇಳಿದಳು. ನೆಲದ ಎಣ್ಣೆಯನ್ನು ಕಾಸಿ ಪೆಟ್ರೋಲು, ಡೀಸೆಲ್ಲು ತೆಗೆದ ಮೇಲೆ ತಳದಲ್ಲಿ ಡಾಂಬರಿನಂಥ ದಪ್ಪ ಎಣ್ಣೆ ಉಳಿಯುತ್ತದೆ. ಸುಟ್ಟರೆ ಬರೀ ಕರಿ ಹೊಗೆ. ಅದನ್ನು ಕಾಸಿ ಈ ಗುಂಡುಗಳಿಗೆ ತಾಗಿಸಿದರೆ ಅದು ಮುರಿದು ತೆಳ್ಳಗೆ, ಚೆನ್ನಾಗಿ ಉರಿಯುವ ಎಣ್ಣೆಯಾಗುತ್ತದೆ.

“ಗುಂಡು ಕರಗಲ್ಲ?”

“ಇಲ್ಲ. ಮುರಿಯೋದು ಎಣ್ಣಿ. ಗುಂಡು ಇದ್ದಂಗ ಇರತೈತಿ. ಮ್ಯಾಲೆ ಮಸಿ ಕೂಡತೈತಿ ಅಷ್ಟ. ಮಸಿ ಸುಟ್ಟು ತೆಗದ್ರ ಮತ್ತ ಕೆಲಸಕ್ಕ ಬರತೈತಿ. ಕಾರ್ಖಾನ್ಯಾಗ ದಿನಾ ಅದ ನಡೀತೈತಿ, ಎಣ್ಣಿ ಮುರಿಯೋದು, ಮಸಿ ಸುಡೋದು, ಮತ್ತ ಮುರಿಯೋದು.”

“ಇಷ್ಟ ಏನು? ಇದು ನಮ್ಮ ಭಟ್ಟಿ ಉಸುಕು!” ಎಂದೆ.

ಮಂಡಕ್ಕಿ ಭಟ್ಟಿಯಲ್ಲಿ ನಾನು ಮೂವತ್ತು ವರ್ಷ ಕೆಲಸ ಮಾಡಿದವಳು. ಕಾದ ಉಸುಕಿಗೆ ಅಕ್ಕಿ ಹಾಕಿದರೆ ಅಕ್ಕಿ ಅರಳುತ್ತದೆ, ಉಸುಕು ಅರಳುವುದಿಲ್ಲ. ಜರಡಿ ಹಿಡಿದರೆ ಮಂಡಕ್ಕಿ ಮೇಲೆ, ಉಸುಕು ಕೆಳಗೆ, ಮತ್ತೆ ಬಾಣಲೆಗೆ. ಉಸುಕಿಗೆ ಮಸಿ ಹತ್ತಿದರೆ ಮಂಡಕ್ಕಿ ಕಪ್ಪಾಗುತ್ತದೆ, ಆಗ ಅಕ್ಕಿ ನಿಲ್ಲಿಸಿ ಬರೀ ಉಸುಕನ್ನು ಕೆಂಪಗೆ ಕಾಸುತ್ತಿದ್ದೆವು. ಹುಡುಗಿ ಬಾಯಿ ತೆರೆದು ಕೇಳಿದಳು. ಪೂರ್ತಿ ಹಾಗಲ್ಲ, ಉಸುಕು ಬರೀ ಶಾಖ ಕೊಡುತ್ತದೆ, ಗುಂಡು ತಾನೇ ಮುರಿಯುವ ಕೆಲಸ ಮಾಡುತ್ತದೆ ಎಂದು ತಿದ್ದಿದಳು. ತಿದ್ದಲಿ. ಓದಿದವರು ಏನಾದರೂ ತಿದ್ದದೆ ಬಿಡುವುದಿಲ್ಲ.

ಈಗ ಎರಡು ಕೆಲಸ ಉಳಿದವು. ಗುಂಡಿನ ಕಣ್ಣಿಗೆ ಕಾಣದ ತೂತುಗಳಲ್ಲಿ ಹೊಕ್ಕ ಗಂಜಿಯನ್ನು ಸುಡಬೇಕು. ಅದಕ್ಕೂ ಮೊದಲು ಉಪ್ಪು, ಸೋಡಾ ತೊಳೆಯಬೇಕು, ಏಕೆಂದರೆ ಅವು ಬೆಂಕಿಗೆ ಹೋಗುವುದಿಲ್ಲ, ಗುಂಡಿನ ಶಕ್ತಿಯನ್ನೇ ಕೊಲ್ಲುತ್ತವೆ. ನಲ್ಲಿ ನೀರಿನಲ್ಲಿ ತೊಳೆಯೋಣವೆಂದರೆ ನಮ್ಮ ಬೋರಿನ ಉಪ್ಪುನೀರಿನಲ್ಲಿ ಬೇಳೆಯೇ ಬೇಯುವುದಿಲ್ಲ. ಕೊನೆಗೆ ಬ್ಯಾಟರಿ ಅಂಗಡಿಗೆ ಹೋಗಿ, ಬ್ಯಾಟರಿಗೆ ಹಾಕುವ ನೀರಿನ ಕ್ಯಾನುಗಳನ್ನು ತಂದಳು. ಅಂಗಡಿಯವನು, ಎಷ್ಟು ಬಸ್ಸು ಇಟ್ಟಿದ್ದೀರಿ ಎಂದು ಕೇಳಿದನಂತೆ. ಸಂಜೆಯವರೆಗೆ ತೊಳೆದೆವು.

ಸುಡಲು ಗ್ಯಾಸಿನ ಒಲೆ ಸಾಲದು. ಕಾಲೇಜಿನ ಕುಲುಮೆಯಲ್ಲಿ ಮರುದಿನ ಬೇರೆ ಹುಡುಗರ ಪಾಳಿ. ಬೆಳಗಾಗುತ್ತಲೇ ಅವಳನ್ನು ಕರೆದುಕೊಂಡು ಊರ ಹೊರಗಿನ ನನ್ನ ಹಳೆಯ ಭಟ್ಟಿಗೆ ಹೋದೆ. ಅಲ್ಲಿ ಹುರಿಯುವವನು ನನ್ನ ಕಾಲದವನೇ, ನನ್ನನ್ನು ಅಕ್ಕ ಎನ್ನುತ್ತಾನೆ.

“ಏನಕ್ಕಾ, ಸಾಬೂದಾನಿ ಮಂಡಕ್ಕಿ ಮಾಡಾಕ ಬಂದಿಯೇನು?”

“ಪೆಟ್ರೋಲ್ ಮಾಡಾಕ.”

“ಹಂಗಾರ ನನ್ನ ಗಾಡಿಗೊಂದು ಲೀಟರ್ ಹಾಕಿ ಹೋಗು.”

“ನಿನ್ನ ಗಾಡಿ ತಳ್ಳಿದ್ರ ಓಡತೈತಿ. ಮೊದಲು ಜಾಗ ಬಿಡು.”

ಕಬ್ಬಿಣದ ತಟ್ಟೆಯಲ್ಲಿ ಗುಂಡು ಹರಡಿ ಒಲೆಯ ಬಾಯಿಗೆ ಇಟ್ಟೆ. ಮೊಮ್ಮಗಳು ಪಕ್ಕದಲ್ಲಿ ನಿಂತು ಚಡಪಡಿಸಿದಳು.

“ಐದುನೂರಾ ಐವತ್ತು ಡಿಗ್ರಿ ಬೇಕು ಅಜ್ಜಿ. ಭಾಳ ಜಾಸ್ತಿ ಆದ್ರ ಒಳಗಿನ ತೂತೆಲ್ಲ ಕುಸೀತಾವ. ಇಲ್ಲಿ ಥರ್ಮಾಮೀಟರ್ರೂ ಇಲ್ಲ.”

“ಡಿಗ್ರಿ ನಿಂದು. ಬಣ್ಣ ನಂದು. ಸುಮ್ಮನಿರು.”

ಕಬ್ಬಿಣ ಕಾಯುವ ಬಣ್ಣ ನನಗೆ ಗೊತ್ತು. ನೆರಳಲ್ಲಿ ನೋಡಿದರೆ ಮಾವಿನ ಚಿಗುರಿನ ಮಂದ ಕೆಂಪು, ಅಲ್ಲಿಗೆ ನಿಲ್ಲಿಸಬೇಕು. ಕುಂಕುಮದ ಕೆಂಪಾದರೆ ಕೆಟ್ಟಿತು. ಒಲೆಗೆ ಭತ್ತದ ಹೊಟ್ಟು ಎಸೆಯುತ್ತ, ತಟ್ಟೆ ಎಳೆಯುತ್ತ, ತಳ್ಳುತ್ತ ಆ ಚಿಗುರನ್ನೇ ಹಿಡಿದು ಕೂತೆ. ಮೊದಲು ಗುಂಡುಗಳು ಕಪ್ಪಾದವು, ಇದ್ದಿಲಿನಷ್ಟು ಕಪ್ಪು. ಹುಡುಗಿ ಕಣ್ಣು ಮುಚ್ಚಿಕೊಂಡಳು. ಅಷ್ಟು ತೊಳೆದರೂ ಉಳಿದಿದ್ದ ಮೆಣಸಿನಕಾಯಿ ಘಾಟು ಎದ್ದು ಭಟ್ಟಿಯ ಜನವೆಲ್ಲ ಕೆಮ್ಮುತ್ತ ಹೊರಗೋಡಿದರು. “ಅಕ್ಕಾ, ನಿನ್ನ ಪೆಟ್ರೋಲಿಗೆ ಒಗ್ಗರಣಿ ಜಾಸ್ತಿ ಆತು!” ಎಂದು ಹುರಿಯುವವನು ಹೊರಗಿನಿಂದ ಕೂಗಿದ. ನಾನು ಏಳಲಿಲ್ಲ. ಕಪ್ಪು ಬೂದಿಯಾಯಿತು, ಬೂದಿ ತೆಳುವಾಯಿತು, ಹೊತ್ತು ಮಧ್ಯಾಹ್ನಕ್ಕೆ ಬಂದಾಗ ಗುಂಡುಗಳು ಮೊದಲಿನಷ್ಟೇ ಬಿಳಿ.

ಮರುದಿನ ಅವಳು ಪರೀಕ್ಷೆಗೆ ಹೋದಳು. ಸಂಜೆ ಬಸ್ಸಿಳಿದು ಬಂದಾಗ ಮುಖ ಹೊಟ್ಟಿನ ಚೀಲದಂತಿತ್ತು.

“ಏನಾತು?”

“ಪಾಸು.”

“ಪಾಸಾದವರ ಮುಖ ಹಿಂಗಿರತೈತೇನು?”

ಗುಂಡುಗಳು ಕೆಲಸ ಮಾಡಿದವಂತೆ. ಆದರೆ ಹೋದ ತಿಂಗಳು ಕಾಲೇಜಿನಲ್ಲಿ ಮಾಡಿ ನೋಡಿದಾಗ ಬಂದದ್ದರ ಮುಕ್ಕಾಲು ಭಾಗ ಮಾತ್ರ ತಿಳಿ ಎಣ್ಣೆ ಬಂತಂತೆ. ಸೋಡಾ ಪೂರ್ತಿ ಹೋಗಿರಲಿಲ್ಲ. ಯಾಕೆ ಕಡಿಮೆ ಎಂದು ಕೇಳಿದ್ದಕ್ಕೆ ಇವಳು, ಉಪ್ಪು ತಾಗಿತು ಸರ್, ನನ್ನದೇ ತಪ್ಪು ಎಂದಳಂತೆ. ಸಾಹೇಬರು ಅವಳ ಪ್ರಯೋಗದ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು.

“ಏನಂತ ಬರದಾರ?”

“ವಿದ್ಯಾರ್ಥಿಯ ಅಜಾಗರೂಕತೆ ಅಂತ.”

“ಹಂಗಂದ್ರ?”

“ಎಚ್ಚರಿಕಿ ಇಲ್ಲದಾಕಿ ಅಂತ. ಎಣ್ಣಿ ಕಾರ್ಖಾನ್ಯಾಗ ಎಚ್ಚರಿಕಿ ಇಲ್ಲಂದ್ರ ಬೆಂಕಿನ. ನಾಳೆ ಮಧ್ಯಾಹ್ನ ಬೇರೆ ಹುಡುಗನ ಹೆಸರು ಕಳಿಸ್ತಾರಂತ.”

“ನಾನು ಕುದಿಸಿದ್ದು ಅಂತ ಹೇಳಾಕ ನಿನಗೇನಾಗಿತ್ತು?”

“ಎಲ್ಲರ ಮುಂದ ನಮ್ಮಜ್ಜಿ ಸಂಡಿಗಿ ಹಾಕಿದ್ಲು ಅಂತ ಹೇಳ್ಲಾ? ಬಿದ್ದು ಬಿದ್ದು ನಗ್ತಿದ್ರು. ನಿನ್ನ ಮ್ಯಾಲೆ ನಗೋದು ನನಗ ಬ್ಯಾಡ.”

“ನಗಲಿ ಬಿಡು. ನಗೋದ್ರಿಂದ ನನಗೇನು ಹಲ್ಲು ಉದುರತಾವಾ, ಇರೋದ ಮೂರು.”

ಅವಳು ಉಣ್ಣದೆ ಮಲಗಿದಳು.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಅವಳ ಚೀಲದಿಂದ ಆ ಪುಸ್ತಕ ತೆಗೆದುಕೊಂಡು ಮೊದಲ ಬಸ್ಸು ಹತ್ತಿದೆ. ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸಿ ಕಿಟಕಿಯ ಪಕ್ಕ ಕೂತು, ಆ ಶಬ್ದವನ್ನು ಬಾಯಿಪಾಠ ಮಾಡಿದೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅದು ದೊಡ್ಡ ತುತ್ತು. ಹರಪನಹಳ್ಳಿ ಬರುವವರೆಗೆ “ಅಜಾಗುರುತೆ” ಎನ್ನುತ್ತಿದ್ದೆ. ಪಕ್ಕದ ಹೆಂಗಸು, ಯಾವ ಗುರುಗಳ ಮಂತ್ರ ಅಜ್ಜಿ ಎಂದು ಕೇಳಿ ಕೈಮುಗಿದಳು. ದಾವಣಗೆರೆ ಬಂದಾಗ ಸರಿಯಾಗಿ ಬರುತ್ತಿತ್ತು.

ಕಾಲೇಜಿನ ಗೇಟಿನವನು ಬಿಡಲಿಲ್ಲ, ನಾನೂ ಬಿಡಲಿಲ್ಲ. ಸಾಹೇಬರ ಕೋಣೆಗೆ ಹೋದೆ. ತಲೆಯೆತ್ತಿ ನೋಡಿದರು.

“ಯಾರಮ್ಮ ನೀವು? ಏನಾಗಬೇಕಿತ್ತು?”

ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟು ಆ ಕೆಂಪು ಸಾಲಿನ ಮೇಲೆ ಬೆರಳಿಟ್ಟೆ.

“ಇಲ್ಲಿ ಅಜಾಗರೂಕತೆ ಅಂತ ಬರದೀರಲ್ಲ ಸಾಹೇಬ್ರ, ಅದು ನಾನ ರೀ.”

ಎಲ್ಲ ಹೇಳಿದೆ. ಸಾಬೂದಾನಿ, ಸೋಡಾ, ಶೆಟ್ಟರ ಹಲ್ಲು, ಬ್ಯಾಟರಿ ನೀರು, ಯಾವುದನ್ನೂ ಬಿಡಲಿಲ್ಲ. ಅವರು ಮೊದಲು ಕೆಮ್ಮಿದರು, ಆಮೇಲೆ ಕನ್ನಡಕ ತೆಗೆದು ನಕ್ಕರು, ಆಮೇಲೆ ನಗು ನಿಲ್ಲಿಸಿ, ಭಟ್ಟಿಯಲ್ಲಿ ಶಾಖ ಎಷ್ಟಿದೆ ಎಂದು ಹೇಗೆ ತಿಳಿಯಿತು ಎಂದು ಕೇಳಿದರು. ಕೂತುಕೊಳ್ಳಿ ಎಂದು ಕುರ್ಚಿ ತೋರಿಸಿದರು.

“ಮೊದಲು ಅದನ್ನ ಹೊಡದು ಹಾಕ್ರಿ” ಎಂದೆ. “ಆಮ್ಯಾಲ ಕೂಡ್ತೀನಿ.”

ಅವರು ಪೆನ್ನು ತೆಗೆದರು. ಗೆರೆ ಎಳೆದು ಮುಗಿಸುವವರೆಗೆ ನಿಂತೇ ನೋಡಿ, ಆಮೇಲೆ ಕೂತೆ.